ಕೊಬ್ಬಿನ ಪಟ್ಟಿ ಓದುವ ಮೊದಲು ನೀರಿನ ಲೆಕ್ಕ

ಆಹಾರಗಳಲ್ಲಿರುವ ಕೊಬ್ಬಿನ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುದಿನ ಮರೆತುಹೋಗುತ್ತದೆ. ಪಟ್ಟಿಯ ಅಂಕಿಗಳೆಲ್ಲ ತಿನ್ನುವ ಭಾಗದ 100 ಗ್ರಾಮಿಗೆ ಕೊಟ್ಟವು. ಆ ನೂರರಲ್ಲಿ ನೀರೆಷ್ಟು ಎಂದು ಮೊದಲು ನೋಡಿ.

ಕಾಸರಗೋಡಿನವರಾದ ನಮಗೆ ಉದಾಹರಣೆಗೆ ತೆಂಗು ಸಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ ಹಸಿ ಕಾಯಿಗೆ 41.6 ಗ್ರಾಂ ಕೊಬ್ಬು, ಕೊಬ್ಬರಿಗೆ 62.3. ಅಂಗಳದಲ್ಲಿ ಒಣಗುವಾಗ ಎಣ್ಣೆ ಹೊಸದಾಗಿ ಹುಟ್ಟಿತೇ? ಇಲ್ಲ, ನೀರು ಆರಿತು ಅಷ್ಟೆ. ಹಸಿ ಕಾಯಿಯಲ್ಲಿ ನೀರು ಸುಮಾರು 36 ಗ್ರಾಂ, ಕೊಬ್ಬರಿಯಲ್ಲಿ 4. ನೀರು ಕಳೆದು ಉಳಿದದ್ದು 64 ಮತ್ತು 96. 41.6ನ್ನು 64ರಿಂದ, 62.3ನ್ನು 96ರಿಂದ ಭಾಗಿಸಿ ನೋಡಿ, ಎರಡೂ ಶೇ. 65ರ ಹತ್ತಿರವೇ ಬರುತ್ತವೆ. ಬೊಂಡದ, ಅಂದರೆ ಎಳೆಯ ಕಾಯಿಯ, ಸಂಗತಿ ಬೇರೆ. ಕಾಯಿ ಬಲಿತಂತೆ ತಿರುಳಿನಲ್ಲಿ ಎಣ್ಣೆ ನಿಜವಾಗಿಯೂ ಕೂಡುತ್ತ ಹೋಗುತ್ತದೆ.

ಹಾಲಿಗೂ ಇದೇ ಲೆಕ್ಕ. ದನದ ಹಾಲಿಗೆ 4.1, ಎಮ್ಮೆ ಹಾಲಿಗೆ 6.5 ಎಂದಾಗ ಕಡಿಮೆಯೆನಿಸುತ್ತದೆ. ಆದರೆ ದನದ ಹಾಲಿನಲ್ಲಿ 87 ಪಾಲು ನೀರೇ. ಕೊಬ್ಬಿನ ಒಂದು ಗ್ರಾಮಿಗೆ 9 ಕಿಲೋಕ್ಯಾಲೊರಿಯಂತೆ ಆ 4.1 ಗ್ರಾಮಿನಿಂದಲೇ 37 ಬಂತು. 100 ಗ್ರಾಂ ಹಾಲಿನ ಒಟ್ಟು ಶಕ್ತಿ 67, ಅಂದರೆ ಅರ್ಧಕ್ಕಿಂತ ಹೆಚ್ಚು ಕೊಬ್ಬಿನದೇ.

ಧಾನ್ಯ, ಬೇಳೆಗಳಿಗೆ ಹೆಚ್ಚು ಹೊತ್ತು ಬೇಡ. ಕುಚ್ಚಲಕ್ಕಿಯಲ್ಲಿ ಅರ್ಧ ಗ್ರಾಮೂ ಇಲ್ಲ, ರಾಗಿಯಲ್ಲಿ 1.3, ತೊಗರಿಬೇಳೆಯಲ್ಲಿ 1.7, ಕಡಲೆಯಲ್ಲಿ 5ರಷ್ಟು. ಸೋಯಾ ಮಾತ್ರ 19.5ಕ್ಕೆ ಜಿಗಿಯುತ್ತದೆ. ನೆಲಗಡಲೆ ಕುಲದಲ್ಲಿ ಬೇಳೆಯ ನೆಂಟ. ಆದರೆ 40 ಗ್ರಾಂ ಕೊಬ್ಬಿರುವುದರಿಂದ ಪಟ್ಟಿಯಲ್ಲಿ ಗೇರುಬೀಜದ ಜೊತೆ ಎಣ್ಣೆಕಾಳುಗಳ ಸಾಲಿನಲ್ಲಿ ಕೂರುತ್ತದೆ. ತರಕಾರಿ, ಹಣ್ಣುಗಳಲ್ಲಿ ಬಹುತೇಕ 1ಕ್ಕಿಂತ ಕಡಿಮೆ, ಬೆಣ್ಣೆಹಣ್ಣೊಂದನ್ನು ಬಿಟ್ಟು.

ಬೂತಾಯಿ ಮೀನಿಗೆ ಒಂದೇ ಅಂಕಿ ಕೊಟ್ಟ ಪಟ್ಟಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಅದರ ಕೊಬ್ಬು ಋತುವಿನೊಂದಿಗೆ ಏರಿಳಿಯುತ್ತದೆ, ಕೊಬ್ಬು ಏರಿದಾಗ ನೀರು ಇಳಿಯುತ್ತದೆ. ಮಳೆಗಾಲ ಕಳೆದ ಮೇಲೆ ಸಿಗುವ ಕೊಬ್ಬಿದ ಬೂತಾಯಿಯನ್ನು ಕಾವಲಿಗೆ ಹಾಕಿದರೆ ಅದರ ಎಣ್ಣೆಯೇ ಸುತ್ತ ಹರಡಿ ಚುರುಗುಟ್ಟುತ್ತದೆ.

ಇನ್ನು ತಟ್ಟೆಗೆ ಬೀಳುವ ಪ್ರಮಾಣ. ತುಪ್ಪ ಹೆಚ್ಚುಕಡಿಮೆ ಪೂರ್ತಿ ಕೊಬ್ಬೇ, ಆದರೆ 100 ಗ್ರಾಂ ತುಪ್ಪ ಯಾರು ತಿನ್ನುತ್ತಾರೆ? 100 ಗ್ರಾಂ ಕಾಯಿತುರಿ ಅರೆದು ಮಾಡಿದ ಗಸಿಯನ್ನು ನಾಲ್ವರು ಉಂಡರೆ ತಲಾ 10 ಗ್ರಾಂ ಕೊಬ್ಬು, ಎರಡು ಚಿಕ್ಕ ಚಮಚ ತುಪ್ಪದಷ್ಟು. ‘ತುಪ್ಪ ಬಿಟ್ಟಿದ್ದೇನೆ’ ಎನ್ನುವವರು ಗಸಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಟ್ಟು ಕೊಬ್ಬಿನ ಅಂಕಿ ಅದರ ಬಗೆಯನ್ನು ಹೇಳುವುದಿಲ್ಲ. ತೆಂಗಿನೆಣ್ಣೆಯ ಸುಮಾರು ಶೇ. 90 ಸ್ಯಾಚುರೇಟೆಡ್, ಅಂದರೆ ತಂಪಿಗೆ ಬೇಗ ಗಟ್ಟಿಯಾಗುವ ಬಗೆಯ, ಕೊಬ್ಬು. ಡಿಸೆಂಬರಿನ ಚಳಿಯ ಬೆಳಗ್ಗೆ ಬಾಟಲಿಯಲ್ಲಿ ಅದು ಬಿಳಿಯಾಗಿ ಹೆಪ್ಪುಗಟ್ಟುತ್ತದೆ, ಪಕ್ಕದ ನೆಲಗಡಲೆ ಎಣ್ಣೆ ತೆಳ್ಳಗೇ ಇರುತ್ತದೆ. ಬೂತಾಯಿಯದು ಒಮೆಗಾ-3 ಎಂಬ ಸ್ಯಾಚುರೇಟೆಡ್ ಅಲ್ಲದ ಬಗೆ ಹೇರಳವಾಗಿರುವ ಕೊಬ್ಬು. ತೆಂಗನ್ನೂ ಬೂತಾಯಿಯನ್ನೂ ಹೋಲಿಸಿ ಬರೆಯುವಾಗ ಕೊಬ್ಬಿನ ಬಗೆಯನ್ನು ತೀರ್ಮಾನಿಸುವ ಕೊಬ್ಬಿನಾಮ್ಲಗಳಿಗೆ ಬೇರೆ ಕಾಲಮ್ಮನ್ನೇ ಹಾಕಿಕೊಳ್ಳಿ.