ಕಸ ಎಷ್ಟು ದಿನದಿಂದ ಇಲ್ಲಿದೆ?

ಮನೆಯಿಂದ ಹೊರಟ ಕಸ ಬಹಳಷ್ಟು ಸಲ ನೇರವಾಗಿ ಕೊನೆಯ ಜಾಗಕ್ಕೆ ಹೋಗುವುದಿಲ್ಲ. ನಡುವೆ ವರ್ಗಾವಣೆ ಕೇಂದ್ರದಲ್ಲಿ ಇಳಿಯುತ್ತದೆ. ಸಣ್ಣ ಗಾಡಿಯಿಂದ ದೊಡ್ಡ ಲಾರಿಗೆ ಏರುತ್ತದೆ. ಕಾಗದ, ಪ್ಲಾಸ್ಟಿಕ್, ಲೋಹ ಬೇರೆಯಾಗಿ ಮರುಬಳಕೆಗೆ ಹೋಗುತ್ತವೆ. ಇಲ್ಲಿಗೆ ತಪಾಸಣೆಗೆ ಬರುವವರ ಕೈಯಲ್ಲಿ ಉದ್ದದ ಪಟ್ಟಿ ಇರುತ್ತದೆ. ಆದರೆ ಅದರಲ್ಲಿ ಮುಖ್ಯವಾದ ಪ್ರಶ್ನೆ ಒಂದೇ ಅಂತ ನನಗನ್ನಿಸುತ್ತದೆ: ಈ ಕಸ ಇಲ್ಲಿಗೆ ಬಂದು ಎಷ್ಟು ದಿನವಾಯಿತು?

ಕೊಳೆಯುವ ಕಸ ಒಂದೆರಡು ದಿನದೊಳಗೆ ಹೊರಹೋಗಬೇಕು ಎಂದು ಪರವಾನಗಿಯಲ್ಲೇ ಬರೆದಿರುವುದುಂಟು. ಕೇಂದ್ರದ ದಾಖಲೆ ಪುಸ್ತಕದಲ್ಲಿ ತಾರೀಖು ತಿದ್ದಬಹುದು. ನೊಣವನ್ನು ತಿದ್ದಲಾಗದು. ಬೆಚ್ಚಗಿನ ದಿನಗಳಲ್ಲಿ ಮನೆನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳ ಬರುತ್ತದೆ. ಹುಳ ಕೆಲವು ದಿನ ತಿಂದು ಬೆಳೆದು, ಒಣ ಜಾಗ ಹುಡುಕಿಕೊಂಡು ಹೋಗಿ, ಕಂದು ಬಣ್ಣದ ಕೋಶವಾಗುತ್ತದೆ. ಗೋಡೆಯ ಮೂಲೆಯಲ್ಲಿ ಅಂಥ ಕೋಶಗಳ ರಾಶಿ ಸಿಕ್ಕರೆ, ಅಲ್ಲೆಲ್ಲೋ ಹಸಿ ಕಸ ಕೆಲವು ದಿನ ಕದಲದೆ ಬಿದ್ದಿದ್ದ ಸಾಧ್ಯತೆ ಹೆಚ್ಚು. ಅದಕ್ಕೇ ಅನುಭವಿಗಳು ರಾಶಿಯ ನಡುವಿಗಿಂತ ಮೊದಲು ಮೂಲೆಗಳನ್ನು ನೋಡುತ್ತಾರೆ.

ಬಿಸಿಯೂ ಸಾಕ್ಷಿ ಹೇಳುತ್ತದೆ. ಹಸಿ ಕಸದೊಳಗಿನ ಸೂಕ್ಷ್ಮಜೀವಿಗಳು ತಿನ್ನುತ್ತಾ ಶಾಖ ಬಿಡುತ್ತವೆ. ರಾಶಿ ದೊಡ್ಡದಾದರೆ ಆ ಶಾಖ ಹೊರಗೆ ಹೋಗುವುದಿಲ್ಲ. ಕೆಲವೇ ದಿನಗಳಲ್ಲಿ ಒಳಗಿನ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಉದ್ದನೆಯ ತಾಪಮಾಪಕ ಚುಚ್ಚಿದರೆ ತಿಳಿದುಬಿಡುತ್ತದೆ.

ಇನ್ನು ಕಸದಿಂದ ಇಳಿಯುವ ಕಪ್ಪು ನೀರು, ಅಂದರೆ ಲೀಚೇಟ್. ಇದನ್ನು ಹಗುರವಾಗಿ ನೋಡಬಾರದು. ನೀರಿನಲ್ಲಿ ಕೊಳೆಯುವ ವಸ್ತು ಎಷ್ಟಿದೆ ಎಂದು ಅಳೆಯುವುದು ಬಿಒಡಿ ಲೆಕ್ಕದಲ್ಲಿ, ಅಂದರೆ ಅದನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕದಲ್ಲಿ. ಮನೆಗಳ ಚರಂಡಿ ನೀರಿನಲ್ಲಿ ಅದು ಲೀಟರಿಗೆ ಸುಮಾರು 200-300 ಮಿಲಿಗ್ರಾಂ. ಹೊಸ ಲೀಚೇಟಿನಲ್ಲಿ ಹಲವು ಸಾವಿರ, ಕೆಲವೊಮ್ಮೆ ಹತ್ತು ಸಾವಿರಕ್ಕೂ ಜಾಸ್ತಿ. ಅದು ಕೆರೆ ಸೇರಿದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳೇ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತವೆ. ಹಾಗಾಗಿ ಲೀಚೇಟಿಗೇ ಒಂದು ಕಾಲುವೆ, ಮಳೆನೀರಿಗೇ ಇನ್ನೊಂದು ಇರಬೇಕು. ನಕ್ಷೆಯಲ್ಲಿ ಎರಡೂ ಚೆನ್ನಾಗಿಯೇ ಕಾಣುತ್ತವೆ. ನೆಲದಲ್ಲಿ ಹೇಗಿದೆ ಎಂದು ತಿಳಿಯಲು ಫ್ಲೋರೆಸಿನ್ ಎಂಬ ಬಣ್ಣವನ್ನು ಒಳಗಿನ ಮೋರಿಗೆ ಸುರಿದು ಕಾಯಬೇಕು. ಹೊರಗಿನ ಮಳೆಕಾಲುವೆಯಲ್ಲಿ ಹೊಳೆಯುವ ಹಸಿರು ಕಂಡರೆ ವಾದ ಮಾಡೋಕೆ ಏನೂ ಉಳಿಯೋದಿಲ್ಲ, ಅಲ್ವಾ?

ವಾಸನೆಯನ್ನು ಮಾತ್ರ ಪೂರ್ತಿ ನಂಬಬಾರದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನ್ನು ಮೂಗು ಅತಿ ಕಡಿಮೆ ಪ್ರಮಾಣದಲ್ಲೇ ಗುರುತಿಸುತ್ತದೆ. ಆದರೆ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 100 ಪಾಲು ತಲುಪಿದಾಗ ಮೂಗೇ ಸ್ತಬ್ಧವಾಗುತ್ತದೆ. ವಾಸನೆ ನಿಂತಿತು ಎಂದುಕೊಂಡು ಲೀಚೇಟ್ ಗುಂಡಿಗೆ ಇಳಿದ ಕೆಲಸಗಾರ ಅಲ್ಲೇ ಕುಸಿಯಬಹುದು. ಅನಿಲ ಅಳೆಯುವ ಯಂತ್ರ ಅಲ್ಲಿದೆಯಾ, ಕೆಲಸ ಮಾಡುತ್ತಿದೆಯಾ ಎಂದು ನೋಡುವುದು ಸುಮ್ನೆ ಶಾಸ್ತ್ರಕ್ಕಲ್ಲ. ಒಂದು ಜೀವದ ಪ್ರಶ್ನೆ.

ಬೆಂಕಿಯ ಭಯ ಈಗ ಜಾಸ್ತಿ ಬರುವುದು ಲಿಥಿಯಂ ಬ್ಯಾಟರಿಗಳಿಂದ. ಕಸ ಒತ್ತುವ ಯಂತ್ರದಲ್ಲಿ ಜಜ್ಜಿಹೋದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತವೆ. ಆರಿದ ಮೇಲೂ ಮತ್ತೆ ಹೊತ್ತಬಹುದು. ಬ್ಯಾಟರಿ ಬೇರೆ ಇಡುವ ಡಬ್ಬ ಒತ್ತಿ ಕಟ್ಟಿದ ಕಾಗದದ ಕಟ್ಟುಗಳಿಂದ ದೂರ ಇರಬೇಕು.

ಕೊನೆಗೆ ತೂಕದ ಪುಸ್ತಕ. ದ್ರವ್ಯರಾಶಿ ಎಲ್ಲಿಗೂ ಮಾಯವಾಗುವುದಿಲ್ಲ. ವಾರಕ್ಕೆ 100 ಟನ್ ಒಳಗೆ ಬಂತು, 60 ಟನ್ ವಿಲೇವಾರಿಗೆ, 20 ಟನ್ ಮರುಬಳಕೆಗೆ ಹೋಯಿತು ಎಂದಿಟ್ಟುಕೊಳ್ಳಿ. ಉಳಿದ 20 ಟನ್ ಎಲ್ಲಿ? ಸ್ವಲ್ಪ ಆವಿಯಾಗಿರಬಹುದು, ಸ್ವಲ್ಪ ಲೀಚೇಟಾಗಿ ಇಳಿದಿರಬಹುದು. ಲೀಚೇಟ್ ಟ್ಯಾಂಕರಿನ ರಸೀದಿ ಕೇಳಿ ಅಷ್ಟನ್ನು ಕಳೆಯಬಹುದು. ಆಮೇಲೂ ಲೆಕ್ಕ ಕೂಡದಿದ್ದರೆ ಆ ಕಸ ಒಂದೋ ಶೆಡ್ಡಿನ ಹಿಂದೆ ಬಿದ್ದಿದೆ, ಇಲ್ಲವೇ ಪುಸ್ತಕದಲ್ಲಿಲ್ಲದ ಲಾರಿಯಲ್ಲಿ ಎಲ್ಲೋ ಹೋಗಿದೆ. ಈ ಮೂರು ಅಂಕಿಗಳನ್ನು ಪ್ರತಿ ವಾರ ಕೇಂದ್ರದ ಗೇಟಿನಲ್ಲೇ ಬರೆದು ಹಾಕಿದರೆ, ಪಕ್ಕದಲ್ಲಿ ವಾಸಿಸುವವರೂ ಕಳೆಯುವ ಲೆಕ್ಕ ಮಾಡಿ ಪ್ರಶ್ನೆ ಕೇಳಬಹುದು.