ಡಿಜಿಪಿಎಸ್ ಏನು ತಿದ್ದುತ್ತದೆ, ಏನು ತಿದ್ದುವುದಿಲ್ಲ?

ಡಿಜಿಪಿಎಸ್ ಅಂದರೆ ಡಿಫರೆನ್ಷಿಯಲ್ ಜಿಪಿಎಸ್; ಉಪಗ್ರಹಗಳಿಂದ ಜಾಗ ಹೇಳುವ ಜಿಪಿಎಸ್‌ನ ತಪ್ಪನ್ನು ದಡದಿಂದ ತಿದ್ದುವ ವ್ಯವಸ್ಥೆ. ಹಡಗು ನಡೆಸುವ ಕೋಣೆಗೆ, ಅಂದರೆ ಬ್ರಿಜ್‌ಗೆ, ಹೊಸದಾಗಿ ಬರುವ ಹುಡುಗರಿಗೆ ಪರದೆಯ ಮೇಲೆ ‘ಡಿಜಿಪಿಎಸ್’ ಎಂದು ಕಂಡರೆ ಸಾಕು, ನಿಶ್ಚಿಂತೆ. ಅಷ್ಟು ನಂಬುವ ಮೊದಲು ಅದರ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ತಿಳಿದಿರಬೇಕು.

ದಡದ ಮೇಲೆ ಒಂದು ರಿಸೀವರ್ ಇರುತ್ತದೆ. ಅದರ ಜಾಗವನ್ನು ಮೊದಲೇ ಕರಾರುವಾಕ್ಕಾಗಿ ಅಳೆದಿರುತ್ತಾರೆ. ಪ್ರತಿ ಉಪಗ್ರಹ ಎಷ್ಟು ದೂರ ಇರಬೇಕಿತ್ತು, ಎಷ್ಟು ತೋರಿಸುತ್ತಿದೆ ಎಂದು ಅದು ಲೆಕ್ಕ ಹಾಕುತ್ತದೆ. ಆ ವ್ಯತ್ಯಾಸವನ್ನು 300 ಕಿಲೋಹರ್ಟ್ಸ್ ಆಸುಪಾಸಿನ ರೇಡಿಯೊದಲ್ಲಿ ಹಡಗುಗಳಿಗೆ ಕಳಿಸುತ್ತದೆ. ಅಂದರೆ ದಡಕ್ಕೂ ಹಡಗಿಗೂ ಒಂದೇ ಆಗಿರುವ ತಪ್ಪು ಮಾತ್ರ ಸರಿಹೋಗುತ್ತದೆ. ಕೇಂದ್ರದಿಂದ ದೂರ ಹೋದಷ್ಟೂ ತಿದ್ದುಪಡಿ ಸಡಿಲವಾಗುತ್ತದೆ. ಪ್ರತಿ 150 ಕಿ.ಮೀ.ಗೆ ಸುಮಾರು 1 ಮೀಟರ್ ಎಂಬುದು ರೂಢಿಯ ಲೆಕ್ಕ.

2000ದ ಮೇವರೆಗೆ ಅಮೆರಿಕ ಬೇಕೆಂದೇ ಜಿಪಿಎಸ್ ಸಿಗ್ನಲ್ ಕೆಡಿಸುತ್ತಿತ್ತು. 100 ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಈಗ ಬರೀ ಜಿಪಿಎಸ್ಸೇ ಕೆಲವು ಮೀಟರ್ ಒಳಗೆ ಜಾಗ ಹೇಳುತ್ತದೆ. ಹಾಗಾಗಿ ಅಮೆರಿಕ 2020ರಲ್ಲಿ, ಬ್ರಿಟನ್ 2022ರಲ್ಲಿ ಡಿಜಿಪಿಎಸ್ ಸೇವೆ ನಿಲ್ಲಿಸಿದವು.

ಅವರನ್ನು ನೋಡಿ ನಾವೂ ಹಾಗೇ ಮಾಡೋಣ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿಯೇ ಹಾಯುತ್ತದೆ. ಹಾಗಾಗಿ ನಮ್ಮ ತಲೆಯ ಮೇಲಿನ ಅಯಾನುಗೋಳ, ಅಂದರೆ ಉಪಗ್ರಹದ ಸಿಗ್ನಲ್ ಹಾದು ಬರುವ ವಿದ್ಯುತ್ ಕಣಗಳ ಪದರ, ತುಂಬಾ ಚಂಚಲ. ಮಾರ್ಚ್, ಸೆಪ್ಟೆಂಬರ್ ಸುಮಾರಿಗೆ, ಅದರಲ್ಲೂ ಸೂರ್ಯನ ಕಲೆಗಳು ಜಾಸ್ತಿ ಇರುವ ವರ್ಷಗಳಲ್ಲಿ, ಹೊತ್ತು ಮುಳುಗಿದ ಮೇಲೆ ಸಿಗ್ನಲ್ ಹೊಯ್ದಾಡುತ್ತದೆ. ಒಂದೆರಡು ಉಪಗ್ರಹ ಕೈತಪ್ಪುವುದೂ ಉಂಟು. ವಿಮಾನಗಳಿಗೆಂದು ಕಟ್ಟಿದ ನಮ್ಮ ‘ಗಗನ್’ ವ್ಯವಸ್ಥೆ ದೇಶದ ಹಲವು ಕಡೆಯ ಕೇಂದ್ರಗಳಿಂದ ಅಯಾನುಗೋಳವನ್ನು ಅಳೆದು, ತಿದ್ದುಪಡಿಯನ್ನು ಉಪಗ್ರಹದಿಂದಲೇ ಕಳಿಸುತ್ತದೆ. ಕೇಂದ್ರದಿಂದ ದೂರವಾಗುವ ತೊಂದರೆಗೆ ಇದು ಒಳ್ಳೆಯ ಉಪಾಯವೇ. ಆದರೆ ಸಿಗ್ನಲ್ಲೇ ಕೈಗೆ ಸಿಗದಿದ್ದರೆ ತಿದ್ದುವುದು ಏನನ್ನು?

ಇನ್ನು ಹಡಗಿನ ಮೇಲಿನ ತಪ್ಪುಗಳು. ಕ್ರೇನಿಗೋ ಹೊಗೆಕೊಳವೆಗೋ ಬಡಿದು ಬಂದ ಸಿಗ್ನಲ್ ಆಂಟೆನಾಕ್ಕೆ ಸುಳ್ಳು ದೂರ ಹೇಳುತ್ತದೆ. ದಡದ ಕೇಂದ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಜೊತೆಗೆ ಪರದೆ ತೋರಿಸುವುದು ಆಂಟೆನಾದ ಜಾಗವನ್ನು. 300 ಮೀಟರ್ ಹಡಗಿನಲ್ಲಿ ಆಂಟೆನಾ ಹಿಂದಿದ್ದರೆ, ಹಡಗಿನ ಮುಂತುದಿ ಅಲ್ಲಿಂದ 200 ಮೀಟರ್‌ಗೂ ಆಚೆ ಇರಬಹುದು. ಆಂಟೆನಾ ಎಲ್ಲಿದೆ ಎಂಬ ಅಳತೆಯನ್ನೇ ತಪ್ಪು ತುಂಬಿದ್ದರೆ 1 ಮೀಟರ್ ನಿಖರತೆ ಇಟ್ಟುಕೊಂಡು ಏನು ಮಾಡೋಣ?

ಬಂದರು ಹತ್ತಿರವಾದಾಗ ನಾನು ಮೊದಲು ನೋಡುವುದು ತಿದ್ದುಪಡಿ ಬಂದು ಎಷ್ಟು ಸೆಕೆಂಡ್ ಆಯಿತು ಎಂದು. 30 ದಾಟಿದ್ದರೆ ರೇಡಾರ್‌ನಲ್ಲಿ ದಡದ ಗುರುತಿನ ದೂರ ಅಳೆದು ತಾಳೆ ನೋಡುತ್ತೇನೆ. ಸಂಜೆಯ ಹೊತ್ತಾದರೆ 30 ದಾಟಲು ಕಾಯುವುದೂ ಇಲ್ಲ.