ಬಿಲ್ಲಿನ ಪೆಟ್ಟು ಬೀಳುವುದು ಡಿಸ್ಚಾರ್ಜ್ ದಿನವಲ್ಲ, ಅಡ್ಮಿಷನ್ ದಿನ

ಡಿಸ್ಚಾರ್ಜ್ ದಿನ ಮಧ್ಯಾಹ್ನ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಿಂದ ಕರೆ ಬರುತ್ತದೆ. ಒಟ್ಟು ಬಿಲ್ 2,30,000 ರೂಪಾಯಿ, ಕಂಪನಿ ಪಾಸ್ ಮಾಡಿದ್ದು 1,12,000, ಉಳಿದ 1,18,000 ನೀವು ಕಟ್ಟಬೇಕು. ವಿಮಾ ಮೊತ್ತ 3 ಲಕ್ಷ, ಪ್ರೀಮಿಯಂ ಒಂದು ವರ್ಷವೂ ತಪ್ಪಿಸಿಲ್ಲ. ಆದರೂ ಅರ್ಧಕ್ಕಿಂತ ಹೆಚ್ಚು ಕೈಯಿಂದ. ಇದು ಉದಾಹರಣೆಗೆಂದು ಹಾಕಿಕೊಂಡ ಲೆಕ್ಕ, ಆದರೆ ಇದರ ಅಚ್ಚು ಎಲ್ಲ ಊರಿನ ಬಿಲ್ಲಿಂಗ್ ಕೌಂಟರಿನಲ್ಲೂ ಸಿಗುತ್ತದೆ. ಈ 1,18,000ದಲ್ಲಿ ದೊಡ್ಡ ಪಾಲು ನಿಗದಿಯಾಗಿದ್ದು ನಾಲ್ಕು ದಿನ ಹಿಂದೆ, ‘ಯಾವ ರೂಮ್ ಕೊಡಲಿ ಸಾರ್?’ ಎಂದು ಕೇಳಿದಾಗ. ಇನ್ನೊಂದು ಪಾಲು ಕಟ್ಟಬೇಕಾಗಿಯೇ ಇಲ್ಲ. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಮೊದಲು ರೂಮಿನ ವಿಷಯ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚಿನವುಗಳ ದರಪಟ್ಟಿ ಒಂದೇ ಸಾಲಿನದಲ್ಲ. ಎಡಗಡೆ ಚಿಕಿತ್ಸೆಗಳ ಹೆಸರು, ಮೇಲ್ಗಡೆ ರೂಮಿನ ದರ್ಜೆಗಳು: ಜನರಲ್ ವಾರ್ಡ್, ಟ್ವಿನ್ ಶೇರಿಂಗ್, ಸಿಂಗಲ್, ಡೀಲಕ್ಸ್. ಅದೇ ಸರ್ಜನ್, ಅದೇ ಆಪರೇಷನ್ ಥಿಯೇಟರ್, ಅದೇ ಹೊಲಿಗೆ. ಆದರೆ ರೋಗಿಯ ಮಂಚ ಯಾವ ದರ್ಜೆಯಲ್ಲಿದೆಯೋ ಆ ಸಾಲಿನ ದರವೇ ಸರ್ಜನ್ ಫೀಸಿಗೆ, ಅರಿವಳಿಕೆ ವೈದ್ಯರ ಫೀಸಿಗೆ, ಥಿಯೇಟರ್ ಬಾಡಿಗೆಗೆ, ದಿನದ ವಿಸಿಟ್ಟಿಗೆ ಬೀಳುತ್ತದೆ. ‘ದಿನಕ್ಕೆ ಮೂರು ಸಾವಿರ ಜಾಸ್ತಿ ತಾನೆ, ನಾಲ್ಕು ದಿನಕ್ಕೆ ಹನ್ನೆರಡು ಸಾವಿರ, ಹೋಗಲಿ’ ಎಂದು ಸಿಂಗಲ್ ರೂಮಿಗೆ ಹೂಂ ಅನ್ನುವವರಿಗೆ ಗೊತ್ತಿರದ ಸಂಗತಿ ಇದು. ಅವರು ಆರಿಸಿದ್ದು ರೂಮನ್ನಲ್ಲ, ಇಡೀ ಬಿಲ್ಲಿನ ದರವನ್ನು.

ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದ್ದರೆ ಇದರ ಮೇಲೆ ಇನ್ನೊಂದು ಪೆಟ್ಟು. ಹಳೆಯ ಪಾಲಿಸಿಗಳಲ್ಲಿ ಮತ್ತು ಕಚೇರಿಯಿಂದ ಕೊಡುವ ಗುಂಪು ವಿಮೆಯಲ್ಲಿ ಈ ಮಿತಿ ಸಾಮಾನ್ಯವಾಗಿ ವಿಮಾ ಮೊತ್ತದ ಶೇ 1. ಅಂದರೆ 3 ಲಕ್ಷದ ಪಾಲಿಸಿಗೆ ದಿನಕ್ಕೆ 3,000. ಎಷ್ಟೋ ಪಾಲಿಸಿಗಳಲ್ಲಿ ಈ ಮೊತ್ತದೊಳಗೇ ನರ್ಸಿಂಗ್ ಶುಲ್ಕವೂ ಬರಬೇಕು, ಹಾಗಾಗಿ ಬೋರ್ಡಿನಲ್ಲಿ 3,000 ಎಂದು ಕಂಡ ರೂಮೂ ಮಿತಿ ಮೀರಿರಬಹುದು. ಕೆಲವು ಪಾಲಿಸಿಗಳಲ್ಲಿ ರೂಪಾಯಿಯ ಬದಲು ‘ಸಿಂಗಲ್ ಪ್ರೈವೇಟ್ ಎ.ಸಿ. ರೂಮ್’ ಎಂದಿರುತ್ತದೆ. ಅಲ್ಲಿ ಡೀಲಕ್ಸ್‌ಗೆ ಹೋದರೂ ಕತ್ತರಿ ತಪ್ಪಿದ್ದಲ್ಲ.

ಮಿತಿಗಿಂತ ದುಬಾರಿ ರೂಮ್ ಹಿಡಿದರೆ ಕಂಪನಿ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕಡಿಯುವುದಿಲ್ಲ. ‘ಪ್ರಪೋರ್ಷನೇಟ್ ಡಿಡಕ್ಷನ್’ ಎಂಬ ಹೆಸರಿನಲ್ಲಿ ಬೇರೆ ಖರ್ಚುಗಳನ್ನೂ ಅದೇ ಪ್ರಮಾಣಕ್ಕೆ ಇಳಿಸುತ್ತದೆ. 3,000ದ ಅರ್ಹತೆಗೆ 6,000ದ ರೂಮ್ ಎಂದರೆ ಅರ್ಧಕ್ಕರ್ಧ. ಇಲ್ಲೇ ಲೆಕ್ಕ ತಪ್ಪುವುದು. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರ ಜೂನ್‌ನಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಈ ಕಡಿತ ಎಲ್ಲದರ ಮೇಲೂ ಹಾಕುವಂತಿಲ್ಲ. ಔಷಧ ಮತ್ತು ಬಳಸಿ ಬಿಸಾಡುವ ಸಾಮಗ್ರಿ, ದೇಹದೊಳಗೆ ಕೂರಿಸುವ ಇಂಪ್ಲಾಂಟ್ ಮತ್ತು ಸಾಧನ, ರಕ್ತಪರೀಕ್ಷೆ–ಸ್ಕ್ಯಾನ್ ಇವು ಅದರ ಹೊರಗೆ. ಐಸಿಯು ಶುಲ್ಕಕ್ಕೂ ಅನ್ವಯವಿಲ್ಲ. ರೂಮಿನ ದರ್ಜೆ ನೋಡಿ ದರ ಬದಲಿಸದ ಆಸ್ಪತ್ರೆಯಾಗಿದ್ದರಂತೂ ಪ್ರಪೋರ್ಷನೇಟ್ ಕಡಿತವೇ ಸಲ್ಲದು.

ಈಗ ಮೇಲಿನ ಬಿಲ್ಲನ್ನು ಬಿಡಿಸಿ. ರೂಮ್ ನಾಲ್ಕು ದಿನಕ್ಕೆ 24,000. ಸರ್ಜನ್, ಅರಿವಳಿಕೆ, ಥಿಯೇಟರ್, ವಿಸಿಟ್ ಸೇರಿ 1,20,000. ಔಷಧ ಮತ್ತು ಸಾಮಗ್ರಿ 40,000, ಅದರಲ್ಲಿ 6,000 ವಿಮೆಗೆ ಬಾರದ ಚಿಲ್ಲರೆ. ಇಂಪ್ಲಾಂಟ್ 30,000. ಪರೀಕ್ಷೆಗಳು 16,000. ಸರಿಯಾದ ಲೆಕ್ಕದಲ್ಲಿ ಕಂಪನಿ ಕೊಡಬೇಕಾದದ್ದು ರೂಮಿಗೆ 12,000, ವೈದ್ಯರು–ಥಿಯೇಟರಿಗೆ 60,000, ಔಷಧಕ್ಕೆ 34,000, ಇಂಪ್ಲಾಂಟ್ 30,000, ಪರೀಕ್ಷೆ 16,000, ಒಟ್ಟು 1,52,000. ಕೊಟ್ಟದ್ದು 1,12,000. 6,000 ಕಳೆದು ಉಳಿದ 2,24,000ವನ್ನು ಯಾರೋ ಸಾರಾಸಗಟಾಗಿ ಎರಡರಿಂದ ಭಾಗಿಸಿದ್ದಾರೆ. 40,000 ರೂಪಾಯಿ ಹೋದದ್ದು ಹೀಗೆ. ಬಾಕಿ 78,000ದಲ್ಲಿ 72,000 ರೂಮ್ ಆಯ್ಕೆಯ ಬೆಲೆ. 3,000ದ ರೂಮಿನಲ್ಲಿದ್ದರೆ ಕೈಯಿಂದ ಹೋಗುತ್ತಿದ್ದುದು ಆ ಚಿಲ್ಲರೆ 6,000 ಅಷ್ಟೇ, ಬಿಲ್ಲಿನ ಮೊತ್ತವೂ ಕಡಿಮೆಯಾಗಿರುತ್ತಿತ್ತು. (ಐಸಿಯು ಬಿಟ್ಟು ದಿನಕ್ಕೆ 5,000ಕ್ಕಿಂತ ದುಬಾರಿಯಾದ ರೂಮಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆ. ಲೆಕ್ಕ ಸುಲಭವಾಗಲೆಂದು ಅದನ್ನು ಬಿಟ್ಟಿದ್ದೇನೆ.)

ಹಾಗಾಗಿ ಅಡ್ಮಿಷನ್ ಕೌಂಟರಿನಲ್ಲಿ ಮಾಡುವ ಕೆಲಸ ಎಲ್ಲಕ್ಕಿಂತ ದೊಡ್ಡದು. ಪಾಲಿಸಿಯ ಮೊದಲ ಪುಟ ಸಾಲದು, ‘ರೂಮ್ ರೆಂಟ್’, ‘ಕೋ-ಪೇ’, ‘ಸಬ್ ಲಿಮಿಟ್’ ಎಂಬ ಮೂರು ಪದಗಳಿರುವ ಪುಟಗಳ ಫೋಟೊ ಫೋನಿನಲ್ಲಿರಲಿ. ಕೋ-ಪೇ ಶೇ 20 ಎಂದಿದ್ದರೆ ಒಪ್ಪಿದ ಮೊತ್ತದಲ್ಲೂ ಐದನೇ ಒಂದು ಭಾಗ ನಿಮ್ಮದು. ಕಣ್ಣಿನ ಪೊರೆಯಂಥ ಶಸ್ತ್ರಚಿಕಿತ್ಸೆಗೆ ಸಬ್ ಲಿಮಿಟ್ ಇದ್ದರೆ ಅದಕ್ಕಿಂತ ಮೇಲಿನದೂ ನಿಮ್ಮದು. ಅರ್ಹ ದರ್ಜೆಯ ರೂಮ್ ಕೇಳಿ, ಅಂದಾಜು ಖರ್ಚನ್ನು ಆ ದರ್ಜೆಯದೆಂದು ನಮೂದಿಸಿ ಬರೆದುಕೊಡಲು ಹೇಳಿ. ಬಾಯಿಮಾತಿನ ಅಂದಾಜಿಗೆ ಡಿಸ್ಚಾರ್ಜ್ ದಿನ ಯಾರೂ ವಾರಸುದಾರರಿರುವುದಿಲ್ಲ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ 2007ರ ಕೆಪಿಎಂಇ, ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕೆನ್ನುತ್ತದೆ. ಆದ್ದರಿಂದ ದರ ಕೇಳಿದರೆ ಅದು ಚೌಕಾಸಿಯಲ್ಲ, ಸಂಕೋಚಪಡುವ ಅಗತ್ಯವೂ ಇಲ್ಲ.

‘ನಿಮ್ಮ ದರ್ಜೆಯ ರೂಮ್ ಖಾಲಿ ಇಲ್ಲ, ಸದ್ಯಕ್ಕೆ ಮೇಲಿನದರಲ್ಲಿರಿ’ ಎಂಬ ಮಾತು ಬಂದರೆ ಎಚ್ಚರ. ಹೋಗುವುದಾದರೆ ಎರಡು ಸಾಲು ಬರೆಸಿಕೊಳ್ಳಿ: ಇಂಥ ದರ್ಜೆ ಲಭ್ಯವಿರಲಿಲ್ಲ, ಬಿಲ್ ಅರ್ಹ ದರ್ಜೆಯ ದರದಲ್ಲೇ ಆಗುತ್ತದೆ. ಎರಡನೆಯ ಸಾಲಿಗೆ ಆಸ್ಪತ್ರೆ ಒಪ್ಪದಿದ್ದರೆ ಮಂಚ ಖಾಲಿಯಾದ ಕೂಡಲೇ ಬದಲಿಸುವಂತೆ ಲಿಖಿತವಾಗಿ ಕೇಳಿ, ಆ ಪತ್ರದ ಪ್ರತಿಯನ್ನು ಟಿಪಿಎಗೆ, ಅಂದರೆ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಗೆ, ಇಮೇಲ್ ಮಾಡಿ.

ಕ್ಯಾಶ್‌ಲೆಸ್‌ನ, ಅಂದರೆ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕಟ್ಟುವ ವ್ಯವಸ್ಥೆಯ, ಮೊದಲ ಒಪ್ಪಿಗೆ ಬಂದಾಗ ಎರಡು ಬಗೆಯ ತಪ್ಪು ತಿಳಿವಳಿಕೆ ಆಗುತ್ತದೆ. ‘50,000 ಅಪ್ರೂವ್ ಆಗಿದೆ’ ಎಂದರೆ ಅಷ್ಟೇ ಕೊಡುತ್ತಾರೆ ಎಂದು ಕಂಗಾಲಾಗುವವರು ಒಂದು ಕಡೆ, ಎಲ್ಲಾ ಪಾಸಾಯಿತು ಎಂದು ನಿಶ್ಚಿಂತರಾಗುವವರು ಇನ್ನೊಂದು ಕಡೆ. ಅದು ಆರಂಭದ ಕಂತು ಮಾತ್ರ. ಚಿಕಿತ್ಸೆ ಮುಂದುವರಿದಂತೆ ಆಸ್ಪತ್ರೆ ಹೆಚ್ಚುವರಿ ಮೊತ್ತಕ್ಕೆ ಕೋರಿಕೆ ಕಳಿಸುತ್ತಿರಬೇಕು. ಅಡ್ವಾನ್ಸ್ ಕಟ್ಟಿಸಿಕೊಂಡರೆ ರಸೀದಿಯಲ್ಲಿ ‘ಡೆಪಾಸಿಟ್’ ಎಂದು ಬರೆದಿದೆಯೇ ನೋಡಿ.

ಒಳರೋಗಿಯಾಗಿರುವಾಗ ದಿನಕ್ಕೊಮ್ಮೆ ಮಧ್ಯಂತರ ಬಿಲ್ ತೆಗೆಸುವುದು ಒಳ್ಳೆಯ ಅಭ್ಯಾಸ. ತಪ್ಪು ಅದೇ ದಿನ ಕಂಡರೆ ವಾರ್ಡಿನ ನರ್ಸ್‌ಗೂ ನೆನಪಿರುತ್ತದೆ. ಐದನೇ ದಿನ ಕೇಳಿದರೆ ‘ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ’ ಎಂಬ ಉತ್ತರ. ಮುಖ್ಯವಾಗಿ ನೋಡಬೇಕಾದದ್ದು ಔಷಧದ ವಾಪಸಾತಿ. ಥಿಯೇಟರಿಗೆಂದು ತರಿಸಿದ ಸಾಮಗ್ರಿಯಲ್ಲಿ ಬಳಸದೆ ಉಳಿದದ್ದು ಫಾರ್ಮಸಿಗೆ ಮರಳಿ, ಬಿಲ್ಲಿನಲ್ಲಿ ‘ರಿಟರ್ನ್’ ಎಂದು ಕಳೆದಿರಬೇಕು. ಹೃದಯದ ಸ್ಟೆಂಟ್‌ಗೆ 2017ರ ಫೆಬ್ರುವರಿಯಿಂದ, ಮಂಡಿಯ ಇಂಪ್ಲಾಂಟ್‌ಗೆ ಅದೇ ವರ್ಷದ ಆಗಸ್ಟ್‌ನಿಂದ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಎನ್‌ಪಿಪಿಎ ಗರಿಷ್ಠ ಬೆಲೆ ಕಟ್ಟಿದೆ. ಸ್ಟೆಂಟಿನ ಬೆಲೆ, ಬ್ರಾಂಡ್, ಬ್ಯಾಚ್ ನಂಬರು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಬೇಕು. ಡಬ್ಬಿಯ ಮೇಲಿನ ಸ್ಟಿಕರ್ ಕೇಳಿ ಪಡೆಯಿರಿ.

ಇನ್ನು ಆ ಚಿಲ್ಲರೆ. ಗ್ಲೌಸ್, ಮಾಸ್ಕ್, ಇಸಿಜಿ ಎಲೆಕ್ಟ್ರೋಡ್, ಡೈಪರ್, ಥರ್ಮಾಮೀಟರ್ ಇಂಥವು ಐಆರ್‌ಡಿಎಐ ಮಾಡಿದ ‘ಪಟ್ಟಿ 1’ರಲ್ಲಿವೆ. ಪಾಲಿಸಿಯ ಜೊತೆ ಸಾಮಗ್ರಿಗಳ ರೈಡರ್ (ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ ಸಾಮಾನ್ಯವಾಗಿ ನಿಮ್ಮ ಖರ್ಚು. ಇದರ ಬಗ್ಗೆ ಎಲ್ಲರೂ ಗೊಣಗುತ್ತಾರೆ. ಆದರೆ ಇನ್ನೂ ಮೂರು ಪಟ್ಟಿಗಳಿವೆ, ಅವುಗಳ ಸುದ್ದಿ ಯಾರೂ ಎತ್ತುವುದಿಲ್ಲ. ಪಟ್ಟಿ 2ರಲ್ಲಿ ಹೌಸ್‌ಕೀಪಿಂಗ್, ಫೈಲ್ ತೆರೆಯುವ ಶುಲ್ಕ, ಡಿಸ್ಚಾರ್ಜ್ ಪ್ರಕ್ರಿಯೆಯ ಶುಲ್ಕ ರೂಮ್ ಬಾಡಿಗೆಯೊಳಗೆ ಸೇರಬೇಕು. ಪಟ್ಟಿ 3ರಲ್ಲಿ ಹತ್ತಿ, ಗಾಜ್, ಸರ್ಜಿಕಲ್ ಟೇಪ್, ಥಿಯೇಟರ್ ಬುಕಿಂಗ್ ಶಸ್ತ್ರಚಿಕಿತ್ಸೆಯ ದರದೊಳಗೆ. ಪಟ್ಟಿ 4ರಲ್ಲಿ ರಿಜಿಸ್ಟ್ರೇಷನ್, ಯೂರಿನ್ ಬ್ಯಾಗ್, ಆಲ್ಕೋಹಾಲ್ ಸ್ವಾಬ್ ಚಿಕಿತ್ಸೆಯ ವೆಚ್ಚದೊಳಗೆ. ಇವನ್ನು ಬಿಡಿಬಿಡಿಯಾಗಿ ಹಾಕಿ, ಕಂಪನಿ ಒಪ್ಪದಾಗ ರೋಗಿಯಿಂದ ಕೀಳುವುದು ಪಟ್ಟಿಯ ಉದ್ದೇಶವನ್ನೇ ಬುಡಮೇಲು ಮಾಡಿದಂತೆ. ಯಾವ ಪಟ್ಟಿಯ ವಸ್ತು ಎಂದು ಕೇಳಿದರೇ ಸಾಕು, ಕೆಲವು ಸಾಲುಗಳು ತಾವಾಗಿ ಮಾಯವಾಗುತ್ತವೆ.

ಡಿಸ್ಚಾರ್ಜ್ ದಿನ ಕೈಗೆ ಬರಬೇಕಾದ ಕಾಗದ ಎರಡು: ಬಿಡಿಬಿಡಿ ವಿವರದ ಬಿಲ್, ಮತ್ತು ಕಂಪನಿಯ ಅಂತಿಮ ಒಪ್ಪಿಗೆ ಪತ್ರ. ಪಾಸಾದ ಮೊತ್ತವನ್ನು ಡೆಸ್ಕಿನವರು ಚೀಟಿಯಲ್ಲಿ ಬರೆದುಕೊಟ್ಟರೆ ಒಪ್ಪಬೇಡಿ. ಪತ್ರದಲ್ಲಿ ಪ್ರತಿ ಕಡಿತದ ಎದುರು ಕಾರಣ ಇರುತ್ತದೆ. ‘ಟ್ಯಾರಿಫ್‌ಗಿಂತ ಹೆಚ್ಚು’ ಅಥವಾ ‘ನೆಟ್‌ವರ್ಕ್ ಡಿಸ್ಕೌಂಟ್’ ಎಂದಿದ್ದರೆ ಅದು ಆಸ್ಪತ್ರೆ ಮತ್ತು ಕಂಪನಿ ನಡುವಿನ ಒಪ್ಪಂದದ ಕಡಿತ, ರೋಗಿಯ ಬಾಕಿಯಲ್ಲ. ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಮೊದಲ ಒಪ್ಪಿಗೆಗೆ 1 ಗಂಟೆ, ಡಿಸ್ಚಾರ್ಜ್ ಒಪ್ಪಿಗೆಗೆ ಆಸ್ಪತ್ರೆಯ ಕೋರಿಕೆ ತಲುಪಿದ ಮೇಲೆ 3 ಗಂಟೆ ಗಡುವು ಕೊಟ್ಟಿದೆ. ಅದನ್ನು ಮೀರಿದ ವಿಳಂಬಕ್ಕೆ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಕಂಪನಿಯೇ ಭರಿಸಬೇಕು. ಕಡತ ಆಸ್ಪತ್ರೆಯಿಂದ ಹೊರಟದ್ದು ಎಷ್ಟು ಗಂಟೆಗೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ‘ಇನ್ಶೂರೆನ್ಸ್‌ನವರು ತಡ ಮಾಡ್ತಿದ್ದಾರೆ’ ಎನ್ನುವಾಗ ಫೈಲು ಇನ್ನೂ ಬಿಲ್ಲಿಂಗ್ ಮೇಜಿನ ಮೇಲೇ ಇರುತ್ತದೆ.

ರೋಗಿಯನ್ನು ಮನೆಗೆ ಕರೆದೊಯ್ಯುವ ಆತುರದಲ್ಲಿ ದುಡ್ಡು ಕಟ್ಟಲೇಬೇಕಾಗಿ ಬಂದರೆ ಕಟ್ಟಿ. ಆದರೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬಿಲ್ಲಿನ ಮೇಲೆ ಬರೆದು ಫೋಟೊ ತೆಗೆದುಕೊಳ್ಳಿ. ಆಮೇಲೆ ಕಂಪನಿಯ ದೂರು ಅಧಿಕಾರಿಗೆ ಇಮೇಲ್, ಜೊತೆಗೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದಾಖಲು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ತಕರಾರು ತೀರ್ಮಾನಿಸುವ ಅಧಿಕಾರಿ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರು ಕೇಳುತ್ತಾರೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ದೂರಿನಲ್ಲಿ ಆಸ್ಪತ್ರೆಯಲ್ಲಿ ಪಟ್ಟ ಪಾಡನ್ನೆಲ್ಲ ಬರೆದರೆ ಓದುವವನ ಕಣ್ಣು ಮುಖ್ಯ ಸಾಲಿಗೆ ಬೀಳುವುದೇ ಇಲ್ಲ. ಮೇಲಿನ ಉದಾಹರಣೆಗೆ ಇಷ್ಟೇ ಸಾಕು: ‘ಔಷಧ 34,000, ಇಂಪ್ಲಾಂಟ್ 30,000, ಪರೀಕ್ಷೆ 16,000, ಒಟ್ಟು 80,000 ರೂಪಾಯಿ ಮೇಲೆ ಶೇ 50 ಪ್ರಪೋರ್ಷನೇಟ್ ಕಡಿತ ಮಾಡಲಾಗಿದೆ. 2020ರ ಜೂನ್ ಮಾರ್ಗಸೂಚಿಯಂತೆ ಇವು ಆ ಕಡಿತಕ್ಕೆ ಒಳಪಡುವುದಿಲ್ಲ. 40,000 ರೂಪಾಯಿ ಮರುಪಾವತಿಸಿ.’ ಬಿಲ್ಲಿನ ಆ ಮೂರು ಸಾಲಿಗೆ ಪೆನ್ನಿನಲ್ಲಿ ಗೀಟು ಹಾಕಿ, ಒಪ್ಪಿಗೆ ಪತ್ರದ ಜೊತೆ ಲಗತ್ತಿಸಿ.